ಆಂಪ್ಲಿಫೈಯರ್ ಬಿಸಿಯಾಗಲು ಎಷ್ಟು ಹೊತ್ತು ಬೇಕು?

ಸಂಗೀತ ಕೇಳಲು ಕೂರುವ ಒಂದು ಗಂಟೆ ಮೊದಲೇ ಆಂಪ್ಲಿಫೈಯರ್ ಆನ್ ಮಾಡಿಡಬೇಕು, ಸಾಧ್ಯವಾದರೆ ಆಫ್ ಮಾಡಲೇಬಾರದು ಎಂಬ ಮಾತು ಹೈಫೈ ಪ್ರಿಯರಲ್ಲಿ ಬಹುಕಾಲದಿಂದ ಇದೆ. ಇದನ್ನು ಬರೀ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ. ವಾಲ್ವ್ ಆಂಪ್ಲಿಫೈಯರನ್ನೇ ನೋಡಿ. ಗಾಜಿನೊಳಗಿನ ಸಣ್ಣ ತಂತಿ ನಿಧಾನವಾಗಿ ಕೆಂಪೇರುತ್ತದೆ. ಅದರ ಕಾವಿಗೆ ಕ್ಯಾಥೋಡ್ ಸುಮಾರು 700ರಿಂದ 800 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲಷ್ಟೇ ಎಲೆಕ್ಟ್ರಾನುಗಳು ಬೇಕಾದಷ್ಟು ಹೊರಡುತ್ತವೆ. ಹಳೆಯ ವಾಲ್ವ್ ರೇಡಿಯೊ ಗುಂಡಿ ತಿರುಗಿಸಿದ ಕೂಡಲೇ ಮಾತಾಡದೆ ಅರ್ಧ ನಿಮಿಷ ಕಾಯಿಸುತ್ತಿದ್ದುದು ಇದಕ್ಕೇ. ಟ್ರಾನ್ಸಿಸ್ಟರಿಗೂ ಬಿಸಿಯ ಪ್ರಭಾವ ತಪ್ಪಿದ್ದಲ್ಲ. ತಾಪ ಒಂದು ಡಿಗ್ರಿ ಏರಿದರೆ ಅದರ ಬೇಸ್-ಎಮಿಟರ್ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಒಳಗೆ ಹರಿಯುವ ಕರೆಂಟು ಬದಲಾಗುತ್ತದೆ. ಇದನ್ನು ಸರಿದೂಗಿಸಲೆಂದೇ, ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ಮೇಲೆ ಇನ್ನೊಂದು ಟ್ರಾನ್ಸಿಸ್ಟರ್ ಕೂರಿಸಿರುತ್ತಾರೆ. ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕ್ ಒಂದು ಹದಕ್ಕೆ ಬರಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯಬಹುದು.

ಆದರೆ ಮೀಟರಿನಲ್ಲಿ ಕಾಣುವುದೆಲ್ಲ ಕಿವಿಗೆ ಕೇಳಬೇಕೆಂದಿಲ್ಲ. ಚೆನ್ನಾಗಿ ವಿನ್ಯಾಸಗೊಂಡ ಆಂಪ್ಲಿಫೈಯರಿನಲ್ಲಿ ಈ ವ್ಯತ್ಯಾಸ ಬಲು ಸಣ್ಣದು. ಇದಕ್ಕಿಂತ ಎಷ್ಟೋ ದೊಡ್ಡ ಬದಲಾವಣೆ ಸ್ಪೀಕರಿನಲ್ಲಿ ಹಾಡು ನುಡಿಯುತ್ತಿರುವಾಗಲೇ ಆಗುತ್ತದೆ: ವಾಯ್ಸ್ ಕಾಯಿಲಿನ ತಾಮ್ರದ ತಂತಿ 50 ಡಿಗ್ರಿ ಬಿಸಿಯಾದರೆ ಅದರ ರೋಧ ಹೆಚ್ಚುಕಡಿಮೆ ಶೇ 20ರಷ್ಟು ಏರುತ್ತದೆ. ಜೋರಾದ ಸಂಗೀತಕ್ಕೆ ಬಿಸಿಯಾಗಿ, ಸದ್ದು ತಗ್ಗಿದಾಗ ತಣಿಯುವ ಈ ಕಾಯಿಲನ್ನು ಗಂಟೆಗಟ್ಟಲೆ ಕಾಯಿಸಿ ಹದಕ್ಕೆ ತರಲು ಯಾರಿಗೂ ಆಗದು. ‘ಒಂದು ಗಂಟೆಯ ಮೇಲೆ ಧ್ವನಿ ಮೃದುವಾದದ್ದನ್ನು ಕಿವಿಯಾರೆ ಕೇಳಿದ್ದೇವೆ’ ಎನ್ನುವವರು ಸುಳ್ಳಾಡುತ್ತಿಲ್ಲ. ಆದರೆ ಆ ಒಂದು ಗಂಟೆಯಲ್ಲಿ ಕೇಳುಗನೂ ಬದಲಾಗಿರುತ್ತಾನೆ: ಹೊರಗಿನ ಗದ್ದಲದಿಂದ ಬಂದ ಕಿವಿ ಕೋಣೆಗೆ ಒಗ್ಗಿರುತ್ತದೆ, ಮನಸ್ಸು ಹಗುರಾಗಿರುತ್ತದೆ. ಧ್ವನಿಯ ಸೂಕ್ಷ್ಮ ವಿವರ ನೆನಪಿನಲ್ಲಿ ನಿಲ್ಲುವುದು ಕೆಲವೇ ಸೆಕೆಂಡು. ನಿಜ ತಿಳಿಯಬೇಕಿದ್ದರೆ ಒಂದೇ ಮಾದರಿಯ ಎರಡು ಆಂಪ್ಲಿಫೈಯರ್ ಬೇಕು, ಒಂದು ತಣ್ಣಗೆ, ಇನ್ನೊಂದು ಬಿಸಿ. ಎರಡರ ಸದ್ದಿನ ಮಟ್ಟವನ್ನೂ ಸಮಮಾಡಿ, ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ಬದಲಿಸುತ್ತ ಕೇಳಿಸಬೇಕು.

ಪದೇ ಪದೇ ಆನ್-ಆಫ್ ಮಾಡಿದರೆ ಉಪಕರಣ ಹಾಳಾಗುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಒಳ್ಳೆಯ ಆಧಾರವೇ ಇದೆ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಟಾಮಿ ಫ್ಲವರ್ಸ್ ಶತ್ರುಗಳ ಗುಪ್ತಸಂಕೇತ ಬಿಡಿಸಲು ಸಾವಿರಕ್ಕೂ ಹೆಚ್ಚು ವಾಲ್ವುಗಳ ಕೊಲೋಸಸ್ ಯಂತ್ರ ಕಟ್ಟಿದಾಗ, ವಾಲ್ವುಗಳನ್ನು ಆರಿಸದೇ ಇಟ್ಟರೆ ಅವು ಬಾಳುತ್ತವೆ ಎಂಬ ಟೆಲಿಫೋನ್ ಎಕ್ಸ್‌ಚೇಂಜಿನ ಅನುಭವವನ್ನೇ ನೆಚ್ಚಿದ್ದರು. ಆದರೆ ಅದು ಹಗಲಿರುಳು ದುಡಿಯುವ ಯಂತ್ರ. ಸಂಜೆ ಎರಡು ಗಂಟೆ ಹಾಡು ಕೇಳುವ ಮನೆಗೆ ಆ ಲೆಕ್ಕ ಹೊಂದುವುದಿಲ್ಲ. ಉರಿಯುವಷ್ಟು ಹೊತ್ತೂ ವಾಲ್ವು ಸವೆಯುತ್ತದೆ. ತಾಪ 10 ಡಿಗ್ರಿ ಏರಿದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಸುಮ್ಮನಿದ್ದರೂ 200 ವ್ಯಾಟ್ ಎಳೆಯುವ ಕ್ಲಾಸ್-ಎ ಆಂಪ್ಲಿಫೈಯರನ್ನು ತಿಂಗಳಿಡೀ ಆರಿಸದಿದ್ದರೆ 144 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಕರ್ನಾಟಕದ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿಯೇ ತಿಂಗಳಿಗೆ 200 ಯೂನಿಟ್.

ವಾಲ್ವ್ ಆಂಪ್ಲಿಫೈಯರಿಗೆ ಕೆಲವು ನಿಮಿಷ ಕೊಡಿ, ಕ್ಲಾಸ್-ಎ ಇದ್ದರೆ ಅರ್ಧ ಗಂಟೆ ಕೊಟ್ಟರೂ ತಪ್ಪಿಲ್ಲ. ಉಳಿದವನ್ನು ಆನ್ ಮಾಡಿ, ಆಗಲೇ ಹಾಡು ಹಾಕಿ. ಮಲಗುವ ಮುನ್ನ ಮರೆಯದೆ ಸ್ವಿಚ್ ಆರಿಸಿ.