ನೇಪಾಳದ ಗುಡ್ಡಕ್ಕೆ ಸೇವೆಗೆ ಹೋಗುವ ಹುಡುಗರು ಕೇಳಬೇಕಾದ ಹುಮ್ಲಾದ ಕಥೆ

ಅಕ್ಕಲಕೋಟ: ಸಿಮಿಕೋಟ್ ಎಂಬ ಊರಿನ ಹೆಸರು ಈ ಭಾಗದ ಯಾತ್ರಿಕರಿಗೆ ಹೊಸದಲ್ಲ. 2018ರ ಜುಲೈನಲ್ಲಿ ಕೈಲಾಸ-ಮಾನಸಸರೋವರಕ್ಕೆ ಹೋಗಿದ್ದ ಸಾವಿರಕ್ಕೂ ಹೆಚ್ಚು ಭಾರತೀಯರು, ಅವರಲ್ಲಿ ಕರ್ನಾಟಕದವರೂ ಇದ್ದರು, ಮಳೆ ಮೋಡಕ್ಕೆ ವಿಮಾನ ಹಾರದೆ ಇದೇ ಸಿಮಿಕೋಟ್ ಮತ್ತು ಗಡಿಯ ಹಿಲ್ಸಾದಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದಿದ್ದರು. ಟಿವಿ ಮುಂದೆ ಕೂತು ಮನೆ ಮಂದಿ ದೇವರ ಮೇಲೆ ಭಾರ ಹಾಕಿದ ಸುದ್ದಿ ಅದು.

ಸಿಮಿಕೋಟ್ ನೇಪಾಳದ ವಾಯವ್ಯ ಮೂಲೆಯ ಹುಮ್ಲಾ ಜಿಲ್ಲೆಯ ಮುಖ್ಯ ಊರು. ಯಾತ್ರಿಕರು ಮುಗಿಲು ನೋಡುತ್ತಾ ಕೂತ ಆ ಜಿಲ್ಲೆಯಿಂದ ಅದಕ್ಕೂ ಮೊದಲು ಬೇರೆ ಒಂದು ಸಾಗಾಟ ನಡೆದಿತ್ತು, ಮಕ್ಕಳ ಸಾಗಾಟ. ನೇಪಾಳಕ್ಕೆ ಸೇವೆ ಮಾಡಲು, ಜೊತೆಗೆ ಗುಡ್ಡ ಹತ್ತಲು ಮಕ್ಕಳನ್ನು ಕಳಿಸಬೇಕು ಅನ್ನುವ ಪಾಲಕರು ಮೊದಲು ಕೇಳಬೇಕಾದ್ದು ಈ ಕಥೆ.

1996ರಿಂದ 2006ರವರೆಗೆ ನೇಪಾಳದಲ್ಲಿ ಮಾವೋವಾದಿಗಳಿಗೂ ಸರ್ಕಾರಕ್ಕೂ ಯುದ್ಧ. ಹುಮ್ಲಾದಲ್ಲಿ ರಸ್ತೆ ಇಲ್ಲ, ಸಾಲಿ ಇದ್ದರೆ ಮಾಸ್ತರ ಇಲ್ಲ. ಮಕ್ಕಳನ್ನು ದಂಡಿಗೆ ಎಳೆದೊಯ್ಯುವ ಭಯ ಬೇರೆ. ಇಂಥ ಹೊತ್ತಿನಲ್ಲಿ ಕಠ್ಮಂಡುವಿನಿಂದ ಬಂದ ದಲ್ಲಾಳಿ 'ನಿಮ್ಮ ಮಗನ್ನ ಪಟ್ಟಣದ ಬೋರ್ಡಿಂಗ್ ಸಾಲಿಗೆ ಹಾಕತೀನಿ, ಸುರಕ್ಷಿತ ಇರತಾನ' ಅಂದ. ತಂದೆ ತಾಯಿ ನಂಬಿದರು. ಹೊಲ ಮಾರಿ, ಸಾಲ ತಗದು ರೊಕ್ಕ ಕೊಟ್ಟರು. ಇದನ್ನು ಓದಿ 'ಎಂಥಾ ಅಪ್ಪ ಅವ್ವ' ಅನ್ನುವ ಮೊದಲು ಕಬ್ಬು ಕಡಿಯಲು ಆರು ತಿಂಗಳು ಊರು ಬಿಡುವ ಜತ್ತ ತಾಲ್ಲೂಕಿನ ಸಂಸಾರಗಳನ್ನು ನೆನೆಯಬೇಕು. ಮಕ್ಕಳನ್ನು ವಸತಿಗೃಹದಾಗ, ಅಜ್ಜಿಯ ಹತ್ತಿರ ಬಿಟ್ಟು ಹೋಗುವವರಿಗೆ ಮಕ್ಕಳ ಮೇಲೆ ಮಾಯೆ ಕಡಿಮೆ ಇರುತ್ತದೇನು?

ಕಠ್ಮಂಡುವಿಗೆ ಬಂದ ಮಕ್ಕಳಲ್ಲಿ ಅನೇಕರು ಸಾಲಿ ಮೆಟ್ಟಿಲು ಕಾಣಲೇ ಇಲ್ಲ. ಕೆಲವರು ಬೀದಿ ಪಾಲಾದರು. ಕೆಲವರ ಹೆಸರಿಗೆ ತಂದೆ ತಾಯಿ ಸತ್ತಿದ್ದಾರೆಂಬ ಸುಳ್ಳು ಕಾಗದ ತಯಾರಾಗಿ, 'ಅನಾಥಾಶ್ರಮ' ಎಂಬ ಫಲಕದ ಕೆಳಗೆ ನಿಂತರು.

ಆ ಫಲಕ ನೋಡಿಯೇ ಪರದೇಶದ ಹುಡುಗ ಹುಡುಗಿಯರು ಬರುತ್ತಿದ್ದದ್ದು. 2004ರಲ್ಲಿ ಹಾಗೆ ಬಂದ ಅಮೆರಿಕದ ಯುವಕ ಕಾನರ್ ಗ್ರೆನನ್. ಜಗತ್ತು ಸುತ್ತಲು ಹೊರಟವರು, ಮೊದಲ ಮೂರು ತಿಂಗಳು ಕಠ್ಮಂಡು ಬಳಿಯ ಗೋದಾವರಿ ಎಂಬಲ್ಲಿನ ಮಕ್ಕಳ ಮನೆಯಲ್ಲಿ ಸೇವೆಗೆ ನಿಂತರು. ನಾಲ್ಕು ಮಂದಿ ಮೆಚ್ಚಲಿ ಅಂತಲೇ ಒಪ್ಪಿಕೊಂಡದ್ದು ಎಂದು ಅವರೇ ಮುಂದೆ ಬರೆದ 'ಲಿಟಲ್ ಪ್ರಿನ್ಸಸ್' ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಇಷ್ಟು ಖರೆ ಮಾತು ಸೇವೆಯ ಪ್ರಮಾಣಪತ್ರ ಗೋಡೆಗೆ ಹಾಕಿಕೊಳ್ಳುವವರ ಬಾಯಲ್ಲಿ ಅಪರೂಪ.

ಆ ಮನೆ ನಡೆಸುತ್ತಿದ್ದವರ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಮಕ್ಕಳೆಲ್ಲ ಅನಾಥರೆಂದೇ ತಿಳಿದಿದ್ದರು. ಒಂದು ದಿನ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದಳು. ಅಲ್ಲಿದ್ದ ಇಬ್ಬರು ಹುಡುಗರ ತಾಯಿ ಆಕೆ. ಅಲ್ಲಿಂದ ಒಂದೊಂದೇ ಗಂಟು ಬಿಚ್ಚಿತು. ಉಳಿದವರಿಗೂ ಹುಮ್ಲಾದಲ್ಲಿ ತಂದೆ ತಾಯಿ ಇರಬಹುದೆಂಬುದು ಗೊತ್ತಾಯಿತು.

2006ರಲ್ಲಿ ಯುದ್ಧ ನಿಲ್ಲುವ ಹೊತ್ತಿಗೆ ಗ್ರೆನನ್ ಅಮೆರಿಕದಲ್ಲಿ ರೊಕ್ಕ ಕೂಡಿಸಿ 'ನೆಕ್ಸ್ಟ್ ಜನರೇಶನ್ ನೇಪಾಳ' ಎಂಬ ಸಂಸ್ಥೆ ಕಟ್ಟಿ ಮರಳಿ ಬಂದಿದ್ದರು. ಮಕ್ಕಳ ಫೋಟೊ ಕಿಸೆಯಲ್ಲಿ ಇಟ್ಟುಕೊಂಡು ಸಿಮಿಕೋಟ್‌ನಲ್ಲಿ ಇಳಿದು, ಸ್ಥಳೀಯರನ್ನು ಜೊತೆ ಮಾಡಿಕೊಂಡು ಗುಡ್ಡದ ದಾರಿ ಹಿಡಿದರು. ಮೊಣಕಾಲು ನೋವು, ಹಿಮ ಬೀಳುವ ಕಾಲ. ಹಳ್ಳಿ ಹಳ್ಳಿಯಲ್ಲಿ ಫೋಟೊ ತೋರಿಸಿ 'ಈ ಹುಡುಗ ಯಾರವನು' ಎಂದು ಕೇಳುತ್ತಾ ನಡೆದರು. ಟ್ರೆಕ್ಕಿಂಗ್ ಅನ್ನುವುದಾದರೆ ಇದೂ ಟ್ರೆಕ್ಕಿಂಗೇ.

ತಂದೆ ತಾಯಿಯರು ಸಿಕ್ಕರು. ಇಬ್ಬರೂ ತೀರಿಕೊಂಡಿದ್ದಾರೆಂಬ ಕಾಗದ ಹೊಂದಿದ್ದ ಒಬ್ಬ ಹುಡುಗನ ಅಪ್ಪ ಜೀವಂತ ಇದ್ದ. ಹಾಗಂತ ಮರುದಿನವೇ ಮಕ್ಕಳು ಮನೆ ಸೇರಿದರು ಅಂತಲ್ಲ. ಬಡತನ ಹಾಗೇ ಇತ್ತು, ಊರಲ್ಲಿ ಸಾಲಿ ಇರಲಿಲ್ಲ, ವರ್ಷಗಟ್ಟಲೆ ಪಟ್ಟಣದಲ್ಲಿದ್ದ ಮಕ್ಕಳಿಗೆ ಹಳ್ಳಿ ಪರಕೀಯ. ಮೊದಲು ಹೋದದ್ದು ಫೋಟೊ, ಪತ್ರ. ಆಮೇಲೆ ಭೇಟಿ.

ಇದು ಒಂದು ಮನೆಯ ಕಥೆ ಮಾತ್ರ ಆಗಿದ್ದರೆ ಇಷ್ಟು ಬರೆಯುವ ಕಾರಣ ಇರಲಿಲ್ಲ. ನೇಪಾಳದ ಅನಾಥಾಶ್ರಮಗಳ ಮಕ್ಕಳಲ್ಲಿ ಸುಮಾರು ಶೇ. 85 ಮಂದಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಜೀವಂತ ಇದ್ದಾರೆಂದು ಯುನಿಸೆಫ್ ಹೇಳಿತ್ತು. ದೇಶದಲ್ಲಿ 75 ಜಿಲ್ಲೆಗಳಿದ್ದ ಆ ಕಾಲದಲ್ಲಿ ಇಂಥ ಮನೆಗಳ ಹೆಚ್ಚಿನ ಪಾಲು ಇದ್ದದ್ದು ಐದೇ ಜಿಲ್ಲೆಗಳಲ್ಲಿ: ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ ಮತ್ತು ಚಿತವನ. ಬಡತನ ಇರುವುದು ಹುಮ್ಲಾ, ಡೋಲ್ಪಾದಲ್ಲಿ. ಆಶ್ರಮ ಇರುವುದು ಪ್ರವಾಸಿಗರು ಇಳಿಯುವಲ್ಲಿ. ವ್ಯಾಪಾರದ ಲೆಕ್ಕ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿರಾಕಿ ಎಲ್ಲಿಯೋ ಅಂಗಡಿ ಅಲ್ಲಿ. ಎರಡು ವಾರಕ್ಕೆ ಬಂದು ಮಕ್ಕಳನ್ನು ಅಪ್ಪಿ, ಹಾಡು ಕಲಿಸಿ, ದೇಣಿಗೆ ಕೊಟ್ಟು, ಕಣ್ಣೀರು ಹಾಕಿ ಹೋಗುವ ಹುಡುಗನಿಗೆ ತಾನು ಗಿರಾಕಿ ಎಂಬುದು ತಿಳಿಯುವುದೇ ಇಲ್ಲ. ಅವನ ಹಿಂದೆ ಇನ್ನೊಬ್ಬ ಬರುತ್ತಾನೆ. ಆ ಮಗು ಹೊಸ ಅಣ್ಣ, ಹೊಸ ಅಕ್ಕನನ್ನು ಹಚ್ಚಿಕೊಳ್ಳುವುದು, ಕಳಕೊಳ್ಳುವುದು ಮತ್ತೆ ಮತ್ತೆ ನಡೆಯುತ್ತದೆ. ಮಗು ಮನೆಗೆ ಮರಳಿದರೆ ಆಶ್ರಮಕ್ಕೆ ನಷ್ಟ.

2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9 ಸಾವಿರ ಜನ ಸತ್ತಾಗ ಸಹಾಯಕ್ಕೆ ಬರುವವರ ಜೊತೆ ದಲ್ಲಾಳಿಗಳೂ ಚುರುಕಾದರು. ಹೆತ್ತವರಿಲ್ಲದೆ ಮಕ್ಕಳನ್ನು ಜಿಲ್ಲೆ ದಾಟಿಸದಂತೆ ಸರ್ಕಾರ ನಿರ್ಬಂಧ ಹಾಕಿತು. ಪ್ರವಾಸಿ ವೀಸಾದ ಮೇಲೆ ಬಂದ ವಿದೇಶಿಯರು ಸಂಬಳವಿಲ್ಲದ ಸೇವೆಯನ್ನೂ ಮಾಡುವಂತಿಲ್ಲ ಎಂಬುದು ಅಲ್ಲಿನ ನಿಯಮ. ಹುಡುಗರನ್ನು ಹೆಚ್ಚಾಗಿ ಕಳಿಸುವ ದೇಶಗಳಲ್ಲೊಂದಾದ ಆಸ್ಟ್ರೇಲಿಯಾದ ಸಂಸತ್ ಸಮಿತಿ 2017ರಲ್ಲಿ ಅನಾಥಾಶ್ರಮಕ್ಕೆ ಮಕ್ಕಳ ಸಾಗಾಟವನ್ನು ಆಧುನಿಕ ಗುಲಾಮಗಿರಿಯ ಲೆಕ್ಕದಲ್ಲೇ ವಿಚಾರ ಮಾಡಿತು. ಆದರೂ 'ಸೇವೆ ಮತ್ತು ಟ್ರೆಕ್ಕಿಂಗ್' ಎಂದು ಹದಿಹರೆಯದವರಿಗೆ ಪ್ಯಾಕೇಜ್ ಮಾರುವುದು ನಿಂತಿಲ್ಲ.

ಕೇಳಿ ಮಾಡಿದ ಕೆಲಸ

ಹಾಗಾದರೆ ಹೊರಗಿನವರು ಏನೂ ಮಾಡಬಾರದೇ? ಎವರೆಸ್ಟ್ ಬುಡದ ಖುಮ್‌ಜುಂಗ್ ಊರಿನ ಉದಾಹರಣೆ ಬೇರೆಯದೇ ಇದೆ. 1953ರಲ್ಲಿ ತೇನಸಿಂಗ್ ಜೊತೆ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ, ನಿಮಗೆ ಏನು ಬೇಕು ಎಂದು ಶೆರ್ಪಾ ಜನರನ್ನು ಕೇಳಿದರು. ಸಾಲಿ ಬೇಕು ಅಂದರು ಅವರು. 1961ರಲ್ಲಿ ಸುಮಾರು 3,800 ಮೀಟರ್ ಎತ್ತರದ ಖುಮ್‌ಜುಂಗ್‌ನಲ್ಲಿ ಅಲ್ಯುಮಿನಿಯಂ ಕಟ್ಟಡದಲ್ಲಿ ಸಾಲಿ ಸುರುವಾಯಿತು. ಕಲಿಸಲು ಬಂದದ್ದು ಹಿಲರಿಯ ಗೆಳೆಯರಲ್ಲ, ಡಾರ್ಜಿಲಿಂಗ್ ಕಡೆಯ ಶೆರ್ಪಾ ಮಾಸ್ತರ. ಊರಿನ ಮಕ್ಕಳು ರಾತ್ರಿ ಮಲಗುತ್ತಿದ್ದದ್ದು ಅಪ್ಪ ಅವ್ವನ ಮನೆಯಲ್ಲೇ.

ಮೊದಲ ವಿದ್ಯಾರ್ಥಿಗಳಲ್ಲೊಬ್ಬರಾದ ಮಿಂಗ್ಮಾ ನೋರ್ಬು ಶೆರ್ಪಾ ಮುಂದೆ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಮುಖ್ಯಸ್ಥರಾದ ಮೊದಲ ಶೆರ್ಪಾ. 1966ರಲ್ಲಿ ಪಕ್ಕದ ಕುಂದೆಯಲ್ಲಿ ಆಸ್ಪತ್ರೆ ಬಂತು. ವರ್ಷಗಟ್ಟಲೆ ಪರದೇಶಿ ಡಾಕ್ಟರುಗಳು ನಡೆಸಿದ ಆ ದವಾಖಾನೆಯ ಜವಾಬ್ದಾರಿಯನ್ನು ಕೊನೆಗೆ ವಹಿಸಿಕೊಂಡದ್ದು ಇದೇ ಸಾಲಿಯಲ್ಲಿ ಕಲಿತು, ಫಿಜಿಗೆ ಹೋಗಿ ವೈದ್ಯರಾಗಿ ಬಂದ ಶೆರ್ಪಾ.

ಎತ್ತರದ ಆಟ ಬೇರೆ

ಇನ್ನು ಗುಡ್ಡ ಹತ್ತುವ ಮಾತು. ಸಹ್ಯಾದ್ರಿಯ ಕೋಟೆಗಳನ್ನು ಜಿಗಿದು ಏರುವ ಹುಡುಗರಿಗೆ ಹಿಮಾಲಯವೂ ಹಾಗೇ ಅನ್ನಿಸುವುದುಂಟು. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ 1,646 ಮೀಟರ್. ಎವರೆಸ್ಟ್ ದಾರಿಯ ಲುಕ್ಲಾದಲ್ಲಿ ವಿಮಾನ ಇಳಿದಾಗಲೇ 2,800 ಮೀಟರ್ ದಾಟಿರುತ್ತದೆ. ನಾಮ್ಚೆ ಬಜಾರ್ 3,440. ಕಾಲಿನ ಕಸುವಿಗೂ ಎತ್ತರದ ಬೇನೆಗೂ ಸಂಬಂಧ ಇಲ್ಲ, ಗಟ್ಟಿಮುಟ್ಟಾದವನೂ ಬೀಳುತ್ತಾನೆ.

3 ಸಾವಿರ ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರ್‌ಗಿಂತ ಹೆಚ್ಚು ಮೇಲೆ ಇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ತಲೆನೋವು, ವಾಕರಿಕೆ, ಊಟ ಸೇರದಿರುವುದು ಕಂಡರೆ ಮೇಲೆ ಏರುವಂತಿಲ್ಲ. ಹೆಜ್ಜೆ ತಪ್ಪತೊಡಗಿದರೆ, ಕೂತಲ್ಲೇ ಉಸಿರು ಸಾಲದಾದರೆ ರಾತ್ರಿಯಾದರೂ ಸರಿ, ಕೆಳಗೆ ಇಳಿಸಲೇಬೇಕು. ಹದಿಹರೆಯದವರ ತೊಂದರೆ ಏನೆಂದರೆ ಗೆಳೆಯರು ನಗತಾರ ಅಂತ ತಲೆನೋವು ಮುಚ್ಚಿಡುತ್ತಾರೆ. ವಾಪಸಿನ ಟಿಕೆಟ್ ತಾರೀಖು ಮೊದಲೇ ನಿಗದಿಯಾದ ತಂಡದಲ್ಲಿ ಒಬ್ಬನಿಗಾಗಿ ನಿಲ್ಲಲು ದೊಡ್ಡವರಿಗೂ ಮನಸ್ಸಾಗುವುದಿಲ್ಲ. ತಂಡದಲ್ಲಿ ಒಬ್ಬ ಕೆಳಗೆ ಇಳಿದರೆ ಜೊತೆಗೆ ಯಾರು ಇಳಿಯುತ್ತಾರೆ ಎಂದು ಪಾಲಕರು ರೊಕ್ಕ ತುಂಬುವ ಮೊದಲೇ ಕೇಳಬೇಕು.

2023ರ ಏಪ್ರಿಲ್ 1ರಿಂದ ವಿದೇಶಿ ಚಾರಣಿಗರಿಗೆ ಬಹುತೇಕ ದಾರಿಗಳಲ್ಲಿ ಲೈಸೆನ್ಸ್ ಇರುವ ಗೈಡ್ ಬೇಕೆಂದು ನೇಪಾಳ ನಿಯಮ ಮಾಡಿದೆ. ಇದನ್ನು ದಂಡ ಅಂದುಕೊಳ್ಳುವವರಿದ್ದಾರೆ. ಗೈಡ್, ಹಮಾಲ, ದಾರಿಯ ಚಹಾ ಮನೆಯವರಿಗೆ ಸರಿಯಾಗಿ ಕೊಟ್ಟ ರೊಕ್ಕ ಅವರ ಮಕ್ಕಳ ಸಾಲಿಗೆ ನೇರ ಹೋಗುತ್ತದೆ, ನಡುವೆ ಫಲಕ ಇರುವುದಿಲ್ಲ.

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಪಶುಪತಿನಾಥನ ಪೂಜೆಗೆ ಕರ್ನಾಟಕ ಮೂಲದ ಭಟ್ಟರೇ ಇರುವಷ್ಟು ಹಳೆಯ ಬಳಕೆ ಅದು. ಆದರೂ ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. 15ರಿಂದ 18 ವರ್ಷದವರಿಗೆ ನಿಗದಿತ ನಮೂನೆಯಲ್ಲಿ ಶಾಲೆಯ ಮುಖ್ಯಾಧ್ಯಾಪಕರು ಕೊಟ್ಟ ಗುರುತಿನ ಪತ್ರ ನಡೆಯುತ್ತದೆ. ಸೂಟಿ ಬಿದ್ದ ಮೇಲೆ ಮುಖ್ಯಾಧ್ಯಾಪಕರು ಸಿಗುವುದು ಕಷ್ಟ, ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಏನಾದರೂ ಸೇವೆ ಮಾಡಿಯೇ ಬರುತ್ತೇನೆ ಅನ್ನುವ ಹುಡುಗರಿಗೆ ನಾಮ್ಚೆಯ ಹತ್ತಿರ ಒಂದು ಕೆಲಸ ಇದೆ. ಚಾರಣಿಗರು ಬಿಟ್ಟುಹೋದ ಪ್ಲಾಸ್ಟಿಕ್, ಡಬ್ಬಿಗಳನ್ನು ಚೂರು ಮಾಡಿ ಒಂದೊಂದು ಕಿಲೋದ ಚೀಲ ಕಟ್ಟಿ 'ಸಾಗರಮಾಥಾ ನೆಕ್ಸ್ಟ್' ಸಂಸ್ಥೆಯವರು ಇಡುತ್ತಾರೆ. ಕೆಳಗೆ ಇಳಿಯುವವರು ಒಂದು ಚೀಲ ಬೆನ್ನಿಗೆ ಕಟ್ಟಿಕೊಂಡು ಲುಕ್ಲಾದಲ್ಲಿ ಒಪ್ಪಿಸಿದರೆ ಆಯಿತು. ಅಲ್ಲಿಂದ ಅದು ಕಠ್ಮಂಡುವಿಗೆ ಹೋಗುತ್ತದೆ.