ಅಜ್ಜಿಯ ಹೆಬ್ಬೆಟ್ಟು

ಮಾವಿನ ಮಿಡಿಯ ಕಾಲ ಬಂತೆಂದರೆ ನನಗೆ ನಮ್ಮಜ್ಜಿಯ ನೆನಪು. ನಿಮಗೂ ಹೀಗೆ ಒಂದೊಂದು ಪದಾರ್ಥದ ವಾಸನೆಗೆ ಒಬ್ಬೊಬ್ಬರು ನೆನಪಾಗುತ್ತಾರಲ್ಲವೇ?

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನನ್ನ ತವರು. ಮುಂದೆ ಗದ್ದೆ, ಹಿಂದೆ ಅಡಿಕೆ ತೋಟ, ನಡುವೆ ನಾಡಹೆಂಚಿನ ಮನೆ. ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ ಸಾಲಾಗಿ ಉಪ್ಪಿನಕಾಯಿ ಜಾಡಿಗಳು. ಅವುಗಳ ಬಾಯಿಗೆ ಬಿಳಿ ಬಟ್ಟೆ ಕಟ್ಟಿದವಳು ಅಜ್ಜಿ, ಬಿಚ್ಚುವವಳೂ ಅಜ್ಜಿಯೇ. ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಮಿಡಿಯ ವಿಷಯದಲ್ಲಿ ಅವಳದು ಬಹಳ ಕಟ್ಟುನಿಟ್ಟು. ತೊಟ್ಟು ಸಮೇತ ಕೈಯಲ್ಲಿ ಕೊಯ್ದ ಮಿಡಿಯೇ ಆಗಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಒಂದು ಸೇರಿದರೂ ಜಾಡಿ ಕೆಡುತ್ತದೆ. ತೊಳೆದು, ಒರೆಸಿ, ನೆರಳಲ್ಲಿ ಆರಿಸಿ, ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕುತ್ತಿದ್ದಳು. ದಿನಕ್ಕೊಮ್ಮೆ ಮೇಲೆ ಕೆಳಗೆ ಮಾಡಿ, ಮಿಡಿ ಚೆನ್ನಾಗಿ ಚಿರುಟುವವರೆಗೆ ಕಾಯಬೇಕು. ಆಮೇಲೆ ಆ ಉಪ್ಪುನೀರನ್ನು ಕುದಿಸಿ, ಪೂರ್ತಿ ತಣಿಸಿ, ಅದರಲ್ಲೇ ಸಾಸಿವೆ, ಒಣಮೆಣಸಿನಕಾಯಿ ಅರೆಯಬೇಕು. ನಾನು ಚಿಕ್ಕವಳು, “ಇವತ್ತೇ ಖಾರ ಹಾಕು ಅಜ್ಜೀ” ಎಂದು ಹಟ ಮಾಡುತ್ತಿದ್ದೆ.

“ಉಪ್ಪಿನಕಾಯಿಗೂ ಕಾಗದಕ್ಕೂ ಅವಸರ ಮಾಡ್ಬಾರ್ದು ಮಗಾ” ಎನ್ನುತ್ತಿದ್ದಳು ಅಜ್ಜಿ.

ಉಪ್ಪಿನಕಾಯಿ ಸರಿ, ಈ ಕಾಗದ ಎಲ್ಲಿಂದ ಬಂತು? ಅದು ತಿಳಿಯಲು ನನಗೆ ಹನ್ನೊಂದು ವರ್ಷವಾಗಬೇಕಾಯಿತು.

1990ರ ದಶಕದ ಮೊದಲ ವರ್ಷಗಳು. ಸಾಕ್ಷರತಾ ಆಂದೋಲನ ಊರೂರಿಗೂ ಬಂದಿತ್ತು. ನಮ್ಮೂರ ಶಾಲೆಯಲ್ಲೂ ರಾತ್ರಿ ಲಾಟೀನಿನ ಬೆಳಕಿನಲ್ಲಿ ದೊಡ್ಡವರಿಗೆ ಪಾಠ. ಅರವತ್ತು ದಾಟಿದ ಅಜ್ಜಿ ಒಂದು ದಿನ ಸ್ಲೇಟು ಹಿಡಿದು ಹೊರಟೇಬಿಟ್ಟಳು! ಅಪ್ಪನಿಗೆ ನಗು, ಅಮ್ಮನಿಗೆ ಸಂಕೋಚ. ಜೊತೆಗೆ ಟಾರ್ಚು ಹಿಡಿದು ಹೋಗುವ ಕೆಲಸ ನನ್ನದು. ಹಗಲು ಮನೆಯಲ್ಲೂ ನಾನೇ ಟೀಚರು. ಮೊರದಲ್ಲಿ ಅಕ್ಕಿಹಿಟ್ಟು ಹರಡಿ ಬೆರಳಲ್ಲಿ ಬರೆಸುತ್ತಿದ್ದೆ. ಅಜ್ಜಿಗೆ ಸೊನ್ನೆ ಎಂದರೆ ಕೋಡುಬಳೆ, ‘ಠ’ ಎಂದರೆ ಉದ್ದಿನವಡೆ. ಹಾಗೆ ತಿಂಡಿಗಳ ಲೆಕ್ಕದಲ್ಲೇ ಅವಳು ಅಕ್ಷರ ಕಲಿತಳು.

ತನ್ನ ಹೆಸರಿನ ಮೂರು ಅಕ್ಷರ ತಪ್ಪಿಲ್ಲದೆ ಬರೆದ ದಿನ ಅಜ್ಜಿ ಸಂತೋಷಪಡುತ್ತಾಳೆಂದುಕೊಂಡಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನ ಎಡಗೈ ಹೆಬ್ಬೆಟ್ಟನ್ನು ನೋಡುತ್ತ ಕುಳಿತಳು.

“ಈ ಬೆರಳು ಒಂದು ತೋಟ ತಿಂದಿದೆ ಮಾರಾಯ್ತಿ” ಎಂದಳು.

1962ರಲ್ಲಿ ಅಜ್ಜ ತೀರಿಕೊಂಡಾಗ ನಮ್ಮಪ್ಪ ಆರು ವರ್ಷದ ಹುಡುಗ. ಹದಿಮೂರನೇ ದಿನ ಕಳೆದು ಮನೆ ಬರಿದಾಗಿದ್ದ ಹೊತ್ತಿನಲ್ಲಿ ಹತ್ತಿರದ ನೆಂಟರೊಬ್ಬರು ಕಾಗದ ತಂದರಂತೆ. ಕಂದಾಯ ಕಟ್ಟುವುದಕ್ಕೆ ಬೇಕು ಎಂದರಂತೆ. ಅಜ್ಜಿ ಅಳುತ್ತಲೇ ಹೆಬ್ಬೆಟ್ಟು ಒತ್ತಿದಳು. ಮುಂದಿನ ವರ್ಷ ಹೊಳೆಯಂಚಿನ ತೋಟದಲ್ಲಿ ಅಡಿಕೆ ಕೊನೆ ತೆಗೆಸಲು ಆಳುಗಳನ್ನು ಕಳಿಸಿದರೆ, ಅವರು ಬರಿಗೈಯಲ್ಲಿ ವಾಪಸು ಬಂದರು. ತೋಟ ಆಗಲೇ ಬೇರೆಯವರದಾಗಿತ್ತು.

“ಅವ್ರನ್ನ ಬೈಯೋದಿಲ್ಲ ನಾನು. ಓದಿ ಹೇಳಿ ಅಂತ ನಾನೂ ಕೇಳಲಿಲ್ಲವಲ್ಲ. ಕೇಳಿದ್ರೆ ಏನಂದ್ಕೊಳ್ತಾರೋ ಅಂತ ನಾಚಿಕೆ. ಆ ನಾಚಿಕೆ ನಿಂಗೆ ಬೇಡ.”

ಅಜ್ಜಿ ನನಗೆ ಕಲಿಸಿದ್ದು ಬಹಳ. ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಮಾತು. ಉಳಿದ ಅನ್ನ ಚೆಲ್ಲಬಾರದು. ಸೊಸೆಯ ತಪ್ಪನ್ನು ನೆರೆಮನೆಯಲ್ಲಿ ಆಡಬಾರದು. ಇವನ್ನೆಲ್ಲ ನಿಮ್ಮ ಅಜ್ಜಿಯರೂ ಹೇಳಿರುತ್ತಾರೆ. ಆದರೆ ನನ್ನ ಬಾಳಿನಲ್ಲಿ ಸಮಯಕ್ಕೆ ಒದಗಿದ್ದು ಹೆಬ್ಬೆಟ್ಟಿನ ಪಾಠವೇ.

ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಮದುವೆಯಾಗಿ ಬಂದವಳು. ಕಾನೂನು ಗೊತ್ತಿದ್ದವಳಲ್ಲ. ಅಜ್ಜಿ 2003ರಲ್ಲಿ ಹೋದಳು. ಅಪ್ಪ 2018ರಲ್ಲಿ. ಮರುವರ್ಷ ಅಣ್ಣ ಫೋನು ಮಾಡಿ, “ಒಂದು ಸಹಿ ಬೇಕು, ಬಂದು ಹೋಗು” ಎಂದ. ಹೋದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಬೆಂಚಿನ ಮೇಲೆ ಅಮ್ಮ ಆಗಲೇ ಪೆನ್ನಿನ ಮುಚ್ಚಳ ತೆಗೆದು ಕುಳಿತಿದ್ದಳು.

“ಓದ್ತೀನಿ ಅಣ್ಣಾ” ಎಂದೆ.

“ನನ್ನ ಮೇಲೆ ನಂಬಿಕೆ ಇಲ್ವಾ?” ಎಂದ.

ನಿಜ ಹೇಳಲೇ? ಆ ಮಾತಿಗೆ ನನ್ನ ಕೈಕಾಲು ತಣ್ಣಗಾಯಿತು. ತವರಿನ ಬಾಗಿಲು ಮುಚ್ಚಿ ಹೋಗುತ್ತದೇನೋ ಎಂಬ ಭಯ ಯಾವ ಹೆಣ್ಣಿಗಿಲ್ಲ? ಆದರೂ ನಿಂತುಕೊಂಡೇ ಓದಿದೆ. ಅದು ಹಕ್ಕು ಬಿಡುಗಡೆ ಪತ್ರ. ನಾನೂ ಅಮ್ಮನೂ ಮನೆ, ತೋಟ ಎಲ್ಲದರ ಹಕ್ಕು ಬಿಟ್ಟುಕೊಡುತ್ತೇವೆಂದು ಇತ್ತು. ಅಮ್ಮ ಕಡೆಯವರೆಗೆ ಎಲ್ಲಿರಬೇಕು, ಅವಳ ಖರ್ಚಿಗೇನು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಣ್ಣ ಕೆಟ್ಟವನಲ್ಲ. ಪತ್ರ ಬರೆದವರು ವಾಡಿಕೆಯಂತೆ ಬರೆದಿದ್ದರು, ಅವನೂ ಓದಿರಲಿಲ್ಲ!

ಅಂದು ಸಹಿ ಮಾಡದೆ ಅಮ್ಮನ ಕೈ ಹಿಡಿದು ಎದ್ದು ಬಂದೆ. ಹದಿನೈದು ದಿನದ ಮೇಲೆ ಪತ್ರ ಬೇರೆ ಬರೆಸಿದೆವು. ಅಮ್ಮ ಇರುವವರೆಗೆ ಮನೆಯಲ್ಲಿ ವಾಸದ ಹಕ್ಕು ಅವಳದು, ಮನೆ ಹಿಂದಿನ ತೋಟದ ಉತ್ಪನ್ನವೂ ಅವಳದು. ನನ್ನ ಪಾಲನ್ನು ಅಣ್ಣನಿಗೇ ಬಿಟ್ಟೆ. ನೀವೂ ಹಾಗೇ ಮಾಡಿ ಎಂದು ನಾನು ಹೇಳುವುದಿಲ್ಲ. ಏನು ಬಿಡುತ್ತಿದ್ದೇನೆಂದು ತಿಳಿದು ಬಿಟ್ಟೆ, ಅಷ್ಟೇ. ಅಣ್ಣ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. ಹಬ್ಬಕ್ಕೆ ಕರೆ ಬರಲಿಲ್ಲ. ಆ ಗಣಪತಿ ಹಬ್ಬದ ದಿನ ಅಡುಗೆಮನೆಯಲ್ಲಿ ಒಬ್ಬಳೇ ಅತ್ತಿದ್ದೂ ಉಂಟು.

ಆ ಹದಿನೈದು ದಿನದಲ್ಲಿ ವಕೀಲರೊಬ್ಬರಿಂದ ನಾನು ತಿಳಿದುಕೊಂಡದ್ದು, ಆಮೇಲೆ ಪತ್ರಿಕೆಯಲ್ಲಿ ಓದಿದ್ದು ನಿಮಗೂ ಉಪಯೋಗವಾದೀತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೇ ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಪಾಲಿನಲ್ಲಿ ಹೆಂಡತಿಗೂ ಮಕ್ಕಳ ಜೊತೆ ಭಾಗವುಂಟು. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಗನಂತೆಯೇ ಹಕ್ಕನ್ನು ನಮ್ಮ ಕರ್ನಾಟಕ 1994ರಲ್ಲೇ ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಬ್ಬೊಬ್ಬರ ಮನೆಯ ಸಂಗತಿ ಒಂದೊಂದು ತರಹ. ಆದ್ದರಿಂದ ಸಹಿಗೆ ಮುಂಚೆ ವಕೀಲರನ್ನು ಕೇಳಿ. ಖಾಲಿ ಕಾಗದಕ್ಕೆ ಎಂದೂ ಸಹಿ ಬೇಡ. ಸಹಿ ಮಾಡಿದ್ದರ ಒಂದು ಪ್ರತಿ ನಿಮ್ಮ ಟ್ರಂಕಿನಲ್ಲಿರಲಿ.

ಯಾರಾದರೂ ಅವಸರ ಮಾಡಿದರೆ, “ಒಲೆ ಮೇಲೆ ಹಾಲಿಟ್ಟಿದ್ದೀನಿ, ಆಮೇಲೆ ಓದಿ ಹಾಕ್ತೀನಿ” ಅನ್ನಿ. ಹೀಗನ್ನುವುದಕ್ಕೆ ಹೆಚ್ಚು ಓದಿರಬೇಕಾಗಿಲ್ಲ.

ಈಗ ಅಣ್ಣ ಸರಿಹೋಗಿದ್ದಾನೆ. ಮಿಡಿಯ ಕಾಲಕ್ಕೆ ಬಸ್ಸಿನಲ್ಲಿ ಒಂದು ಚೀಲ ಕಳಿಸುತ್ತಾನೆ, ತೊಟ್ಟು ಸಮೇತ. ಈ ಸಲ ಉಪ್ಪಿಗೆ ಹಾಕುವಾಗ ನನ್ನ ಮಗಳು ಪಕ್ಕದಲ್ಲಿ ಕುಳಿತು, “ಇವತ್ತೇ ಖಾರ ಹಾಕಮ್ಮಾ” ಎಂದಳು. ಕೈ ಒರೆಸಿಕೊಂಡು ಅವಳಿಗೆ ಮುತ್ತಜ್ಜಿಯ ಹೆಬ್ಬೆಟ್ಟಿನ ಕತೆ ಹೇಳಿದೆ.