ಜೇಬುಗಳ್ಳನ ಕಣ್ಣು ಬಟ್ಟೆಯ ಮೇಲಿಲ್ಲ

ಉಡುಪು, ಭಾಷೆಯಿಂದ ಪ್ರವಾಸಿ ಎಂದು ಗುರುತು ಸಿಕ್ಕರೆ ಜೇಬಿಗೆ ಕತ್ತರಿ ಬೀಳುತ್ತದೆ ಎಂಬ ಭಯ ವಿದೇಶಕ್ಕೆ ಹೊರಟ ಅನೇಕರನ್ನು ಕಾಡುತ್ತದೆ. ಪ್ಯಾರಿಸ್, ರೋಮ್, ಬಾರ್ಸಿಲೋನಾ ಜೇಬುಗಳ್ಳರಿಗೆ ಕುಖ್ಯಾತವೇ ಹೌದು. ಆದರೆ ಕಳ್ಳನಿಗೆ ಮುಖ್ಯವಾಗಿ ಬೇಕಾದದ್ದು ನೂಕುನುಗ್ಗಲು ಮತ್ತು ನಮ್ಮ ಮೈಮರೆವು. ಹಾಸನವನ್ನೇ ನೋಡಿ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆದರೆ ಲಕ್ಷಗಟ್ಟಲೆ ಭಕ್ತರು ಬರುತ್ತಾರೆ. ಆ ಸಾಲಿನಲ್ಲಿ ಹತ್ತಿರದ ಅರಕಲಗೂಡು, ಹೊಳೆನರಸೀಪುರದವರೂ ದೂರದೂರಿನವರಷ್ಟೇ ಎಚ್ಚರವಾಗಿರಬೇಕು. ಮೈಗೆ ಮೈ ತಾಗುವ ಕಡೆ ಜೇಬಿಗಿಳಿದ ಕೈ ಅರಿವಿಗೆ ಬಾರದು. ಚನ್ನರಾಯಪಟ್ಟಣದಲ್ಲಿ ಶ್ರವಣಬೆಳಗೊಳದ ಬಸ್ಸಿಗೆ ಮುಗಿಬೀಳುವಾಗಲೂ ಅಷ್ಟೇ.

ಹೊರಗಿನವರೇ ಹೆಚ್ಚು ಗುರಿಯಾಗುವುದಿಲ್ಲವೇ ಎಂದು ಕೇಳಬಹುದು. ನಿಜ, ಅವರು ಪಾಸ್‌ಪೋರ್ಟ್, ನಗದು ಎಲ್ಲವನ್ನೂ ಜೊತೆಗೇ ಹೊತ್ತು, ದಾರಿಗಾಗಿ ಫೋನ್ ನೋಡುತ್ತಾ ನಡೆಯುತ್ತಾರೆ. ಸೀರೆ ಬಿಟ್ಟು ಜೀನ್ಸ್ ತೊಟ್ಟರೆ ಇದು ಬದಲಾಗದು, ಬದಲಾಗಬೇಕಾದದ್ದು ಅಭ್ಯಾಸ. ಹಣವನ್ನು ಎರಡು ಕಡೆ ಹಂಚಿಡಿ, ಪ್ಯಾಂಟಿನ ಹಿಂದಿನ ಜೇಬು ಖಾಲಿ ಬಿಡಿ, ಜನಸಂದಣಿಯಲ್ಲಿ ಚೀಲವನ್ನು ಎದೆಯ ಮುಂದೆ ಹಿಡಿಯಿರಿ, ಪಾಸ್‌ಪೋರ್ಟಿನ ನಕಲು ಪ್ರತಿ ಬೇರೆಡೆ ಇರಲಿ. ಕಳವಾದರೆ ಇಲ್ಲಿ 112ಕ್ಕೆ ಕರೆ ಮಾಡಿ. ವಿದೇಶದಲ್ಲಿ ಸ್ಥಳೀಯ ಪೊಲೀಸರಿಗೆ ದೂರು ಕೊಟ್ಟು, ಪಾಸ್‌ಪೋರ್ಟ್ ಹೋಗಿದ್ದರೆ ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ. ನಿಮ್ಮ ಉಡುಪು, ನಿಮ್ಮ ಭಾಷೆಯನ್ನು ಎಲ್ಲಿಯೂ ಮುಚ್ಚಿಡಬೇಡಿ. ಜೇಬನ್ನು ಮಾತ್ರ ಎಲ್ಲೆಡೆಯೂ ಕಾಯಿರಿ.